ಡೀಸೆಲ್ ಗಾಡಿ ಕರಿ ಹೊಗಿ ಬಿಡ್ಲತ್ತದ, ಪಿಕಪ್ ಇಲ್ಲ: ಇಜಿಆರ್ ವಾಲ್ವ್ ಬಿಚ್ಚೋಕ್ಕಿಂತ ಮೊದ್ಲ ಏನೇನ್ ನೋಡ್ಬೇಕು

ನಮ್ಮ ಕಲಬುರ್ಗಿ, ಬೀದರ್, ಯಾದಗಿರ್ ಕಡಿ ಡೀಸೆಲ್ ಗಾಡಿ ಜರಾ ಕರಿ ಹೊಗಿ ಬಿಟ್ರ ಸಾಕು, ಗ್ಯಾರೇಜ್‌ದಾಗ ಬರೋ ಮೊದಲನೇ ಮಾತು "ಇಜಿಆರ್ ಹೋಗ್ಯಾದ್ರಿ ಮಾಲಕ್", ಅಂದ್ರ ಹೊಗಿ ತಿರುಗಿ ಇಂಜಿನ್ ಒಳಗ ಕಳ್ಸೋ ವಾಲ್ವ್ ಕೆಟ್ಟದ ಅಂತ. ಕೆಲವು ಸಲ ಖರೇನೇ ಹೋಗಿರ್ತದ. ಆದ್ರ ಭಾಳ ಸಲ ವಾಲ್ವಿನ ತಪ್ಪೇ ಇರಂಗಿಲ್ಲ, ಏರ್ ಫಿಲ್ಟರ್ ತುಂಬಿರ್ತದ, ಇಲ್ಲಾ ಟರ್ಬೊ ಪೈಪ್ ಹರದಿರ್ತದ, ಇಲ್ಲಾ ಇಂಜೆಕ್ಟರ್ ಸೋರ್ತಿರ್ತದ, ಅದರ ಮಸಿ ಎಲ್ಲಾ ಬಂದು ಇಜಿಆರ್‌ದಾಗ ಕೂಡ್ತದ, ನಾವು ಮಸಿ ಕಂಡ ಜಾಗಕ್ಕ ದೋಷ ಹಚ್ತೀವಿ. ಹಂಗ ಮಾಡಿ ಸಾವಿರಗಟ್ಲೆ ರೊಕ್ಕದ ಹೊಸಾ ವಾಲ್ವ್ ಹಾಕ್ಸಿದ್ರೂ ಸ್ವಲ್ಪ ದಿನಕ್ಕ ಮತ್ತ ಅದೇ ಹೊಗಿ, ಅದೇ ಇಂಜಿನ್ ಲೈಟು.

ಇಜಿಆರ್ ಮಾಡೋ ಕೆಲಸ ಸಣ್ಣದು. ಇಂಜಿನ್ ಬಿಟ್ಟ ಹೊಗಿಯಾಗಿಂದು ಒಂದಿಷ್ಟನ್ನ ತಿರುಗಿ ಒಳಗ, ಹೊಸಾ ಗಾಳಿ ಜೋಡಿ ಕಳಸ್ತದ. ಆ ಹೊಗಿಯಾಗ ಆಕ್ಸಿಜನ್ ಕಮ್ಮಿ ಇರೋದ್ರಿಂದ ಒಳಗ ಉರಿಯೋ ಬಿಸಿ ಇಳೀತದ, ಬಿಸಿ ಇಳದ್ರ ನೈಟ್ರೋಜನ್ ಆಕ್ಸೈಡ್ ಅನ್ನೋ ವಿಷದ ಗಾಳಿ ಕಮ್ಮಿ ಆಗ್ತದ. ಗಾಡಿ ಬಿಸಿ ಆಗಿ ಐಡ್ಲಿಂಗ್‌ದಾಗ ಇದ್ದಾಗ, ಇಲ್ಲಾ ಹಗೂರ ಹೊಂಟಾಗ ವಾಲ್ವ್ ತೆರೀತದ. ನೀವು ಎಕ್ಸಲೇಟರ್ ಪೂರಾ ತುಳದ್ರ ಅದು ಬಂದ್ ಆಗ್ಬೇಕು, ಯಾಕಂದ್ರ ಆವಾಗ ಇಂಜಿನ್‌ಗಿ ಪೂರಾ ಸಾಫ್ ಗಾಳಿ ಬೇಕು.

ಆದ್ದರಿಂದ ಕೇಳ್ಬೇಕಾದ್ದು "ವಾಲ್ವ್ ಕೆಟ್ಟದೇನು" ಅಂತಲ್ಲ, "ತೆರದು ನಿಂತದೋ, ಬಂದ್ ಆಗಿ ನಿಂತದೋ" ಅಂತ. ಎರಡರ ಲಕ್ಷಣ ಬ್ಯಾರೆ ಬ್ಯಾರೆ. ತೆರದು ನಿಂತ್ರ ಕರಿ ಹೊಗಿ, ಪಿಕಪ್ ಇಲ್ಲ, ಐಡ್ಲಿಂಗ್ ನಡಗ್ತದ. ಬಂದ್ ಆಗಿ ನಿಂತ್ರ ಡೀಸೆಲ್ ಗಾಡಿ ಓಡ್ಸೋರಿಗಿ ಏನೂ ಗೊತ್ತೇ ಆಗಂಗಿಲ್ಲ, ಖಾಲಿ ಇಂಜಿನ್ ಲೈಟ್ ಹತ್ತದ, ಕೆಲವೊಮ್ಮೆ ಇಂಜಿನ್ ಸಪ್ಪಳ ಜರಾ ಗಟ್ಟಿ ಕೇಳ್ತದ. ಹಿಂಗಾಗಿ "ಕರಿ ಹೊಗಿ ಬರ್ಲತ್ತದ, ಸ್ಕ್ಯಾನ್ ಮಾಡಿದ್ರ ಇಜಿಆರ್ ಫ್ಲೋ ಕಮ್ಮಿ ಅಂತ ಬಂದದ" ಅಂದ್ರ ಅಲ್ಲೇ ಡೌಟ್ ಬರ್ಬೇಕು, ಎರಡೂ ಒಂದಕ್ಕೊಂದು ಕೂಡಂಗಿಲ್ಲ, ಬ್ಯಾರೆ ಏನೋ ಅದ.

## ಕೈ ಹಾಕೋಕ್ಕಿಂತ ಮೊದ್ಲ

ಗಾಡಿ ಸಮಾ ಜಾಗದಾಗ ನಿಲ್ಲಸ್ರಿ, ಹ್ಯಾಂಡ್ ಬ್ರೇಕ್ ಹಾಕ್ರಿ, ಶಟರ್ ಹಾಕಿದ ಖೋಲ್ಯಾಗ ಇಂಜಿನ್ ಚಾಲೂ ಇಡಬ್ಯಾಡ್ರಿ. ಹೆಗಲ ಮ್ಯಾಲಿನ ಟಾವೆಲ್ ತಗದಿಟ್ಟು ಬರ್ರಿ, ಇದು ಚ್ಯಾಷ್ಟಿ ಅಲ್ಲ, ಬಗ್ಗಿ ನೋಡುವಾಗ ತುದಿ ಬೆಲ್ಟಿನಾಗ ಸಿಕ್ರ ಮುಖಾನೇ ಎಳಕೊಂಡು ಹೋಗ್ತದ. ಚಾವಿ ತಗದ್ರೂ ಕೆಲವು ಗಾಡಿದು ರೇಡಿಯೇಟರ್ ಫ್ಯಾನ್ ತಂತಾನೇ ಚಾಲೂ ಆಗ್ತದ, ಬ್ಯಾಸಗಿ ದಿನದಾಗಂತೂ ಗ್ಯಾರಂಟಿ. ಇಜಿಆರ್ ಪೈಪ್ ಸೈಲೆನ್ಸರ್‌ದಷ್ಟೇ ಬಿಸಿ ಇರ್ತದ, ಬಿಚ್ಚೋದಿದ್ರ ಇಂಜಿನ್ ಪೂರಾ ಥಂಡಾ ಆಗ್ಲಿ, ಅಂದ್ರ ಮುಂಜಾನಿ ಎದ್ದ ಕೂಡ್ಲೇ ಮಾಡೋದು ಚಲೋ.

## ನಿಂತಾಗ ಗಾಡಿ ನಡಗ್ತದ, ಆರ್‌ಪಿಎಂ ಕುಣೀತದ, ಸಿಗ್ನಲ್‌ದಾಗ ಬಂದ್ ಬೀಳ್ತದ

ಇದು ಥಂಡಾ ಇದ್ದಾಗ ಆಗ್ತದೋ ಬಿಸಿ ಆದ ಮ್ಯಾಲ ಆಗ್ತದೋ, ಪೈಲೇ ಇದನ್ನ ನೋಡ್ರಿ. ಭಾಳ ಗಾಡಿಯಾಗ ಇಂಜಿನ್ ಥಂಡಾ ಇದ್ದಾಗ ಇಜಿಆರ್ ಬಂದೇ ಇರ್ತದ. ಮುಂಜಾನಿ ಚಲೋ ಚಾಲೂ ಆಗಿ, ಸೂಪರ್ ಮಾರ್ಕೆಟ್ ತನಕ ಹೋಗೋದ್ರೊಳಗ ಬಿಸಿ ಆಗಿ, ಆಮ್ಯಾಲ ನಿಂತಲ್ಲಿ ನಡಗ್ಲಾಕ ಶುರು ಮಾಡಿದ್ರ ಇಜಿಆರ್ ಮ್ಯಾಲ ಡೌಟ್ ಪಡ್ಲಾಕ ಅರ್ಥ ಅದ. ಥಂಡಾ ಇದ್ದಾಗಿಂದಾನೇ ನಡಗ್ತಿದ್ರ ಎರಡು ಮಾತು: ಒಂದೋ ವಾಲ್ವ್ ಪೂರಾ ತೆರದೇ ಜಾಮ್ ಆಗ್ಯಾದ, ಇಲ್ಲಾ ಗ್ಲೋ ಪ್ಲಗ್, ಇಂಜೆಕ್ಟರ್, ಡೀಸೆಲ್ ತ್ರಾಸ.

ಖರ್ಚಿಲ್ಲದ ಪರೀಕ್ಷೆ ಅಂದ್ರ ಡೀಸೆಲ್ ಫಿಲ್ಟರ್‌ದಾಗಿನ ನೀರು. ನಮ್ಮ ಹಳ್ಳಿ ಕಡಿ ಕ್ಯಾನಿನಾಗ ಡೀಸೆಲ್ ತಂದಿಟ್ಟು ಟ್ರ್ಯಾಕ್ಟರ್‌ಗಿ ಹಾಕಿ, ಉಳದಿದ್ದು ಗಾಡಿಗಿ ಹಾಕೋ ರೂಢಿ ಅದ, ಆ ಕ್ಯಾನಿನ ತಳದಾಗ ನೀರು ಇದ್ದೇ ಇರ್ತದ. ಫಿಲ್ಟರ್ ಕೆಳಗ ಡ್ರೇನ್ ಸ್ಕ್ರೂ ಇದ್ರ ಒಂದು ಗಾಜಿನ ಗ್ಲಾಸಿನಾಗ ಸ್ವಲ್ಪ ಬಿಡ್ರಿ, ಹತ್ತು ನಿಮಿಷ ಇಟ್ಟು ನೋಡ್ರಿ, ನೀರಿದ್ರ ತಳಕ್ಕ ಕೂಡ್ತದ. ನೀರು ಬಂತಂದ್ರ ಇಜಿಆರ್ ವಿಚಾರ ಅಲ್ಲಿಗೇ ಬಿಟ್ಟು ಅದನ್ನ ಮೊದ್ಲ ಸರಿ ಮಾಡ್ರಿ.

ಆಮ್ಯಾಲ ಕನೆಕ್ಟರ್ ಪರೀಕ್ಷೆ, ಇದು ಕರೆಂಟ್ ಮೋಟಾರ್ ಇರೋ ವಾಲ್ವ್‌ಗಿ. ಗಾಡಿ ಬಿಸಿ ಮಾಡಿ, ಬಂದ್ ಮಾಡಿ, ಚಾವಿ ತಗದು, ಇಜಿಆರ್ ವಾಲ್ವಿನ ವೈರಿನ ಕನೆಕ್ಟರ್ ಬಿಚ್ರಿ. ಆಮ್ಯಾಲ ಸೆಲ್ಫ್ ಹೊಡದು ಐಡ್ಲಿಂಗ್ ನೋಡ್ರಿ. ಸಾಮಾನ್ಯಕ್ಕ ಕರೆಂಟ್ ಇಲ್ಲಂದ್ರ ಸ್ಪ್ರಿಂಗ್ ಜೋರಿಗಿ ವಾಲ್ವ್ ಬಂದ್ ಆಗಿ ಕೂಡ್ತದ. ನಡುಕ ನಿಂತ್ರ ವಾಲ್ವ್ ಹಂದಾಡ್ಲತ್ತದ ಅಂತ ಅರ್ಥ, ಅಂದ್ರ ಜಾಮ್ ಆಗಿಲ್ಲ, ಅದಕ್ಕ ಬರೋ ಆರ್ಡರೇ ತಪ್ಪು ಇರಬಹುದು ಇಲ್ಲಾ ಅದು ಬೇಕಿದ್ದಕ್ಕಿಂತ ಜಾಸ್ತಿ ತೆರೀಲತ್ತದ. ನಡುಕ ಹಂಗೇ ಇದ್ರ ವಾಲ್ವ್ ತೆರದ ಜಾಗದಾಗೇ ಮಸಿಗಿ ಅಂಟಿ ನಿಂತಿರಬಹುದು, ಇಲ್ಲಾ ದೋಷ ಇಜಿಆರ್‌ದಾಗ ಇಲ್ಲೇ ಇಲ್ಲ. ಕನೆಕ್ಟರ್ ಬಿಚ್ಚಿದ್ದಕ್ಕ ಇಂಜಿನ್ ಲೈಟ್ ಹತ್ತದ, ಗಾಬರಿ ಆಗಬ್ಯಾಡ್ರಿ, ತಿರುಗಿ ಹಚ್ಚಿ ಕೋಡ್ (ಗಾಡಿ ಕಂಪ್ಯೂಟರ್ ಬರದಿಡೋ ದೋಷದ ನಂಬರ್) ಸ್ಕ್ಯಾನರ್‌ಲೆ ಅಳಿಸಿದ್ರ ಹೋಗ್ತದ.

ಹಳೆ ಗಾಡಿ, ಅಂದ್ರ ವಾಲ್ವಿನ ಮ್ಯಾಲ ತಟ್ಟೆ ಆಕಾರದ ಡಬ್ಬಿ ಇದ್ದು ಅದಕ್ಕ ಸಣ್ಣ ರಬ್ಬರ್ ಪೈಪ್ ಬಂದಿದ್ರ, ಅದು ವ್ಯಾಕ್ಯೂಮ್ ಮ್ಯಾಲ ನಡಿಯೋದು. ಐಡ್ಲಿಂಗ್‌ದಾಗ ಆ ಪೈಪ್ ಬಿಚ್ಚಿ ಅದರ ಬಾಯಿಗಿ ಒಂದು ಬೋಲ್ಟ್ ತುರುಕಿ ಬಂದ್ ಮಾಡ್ರಿ. ನಡುಕ ನಿಂತ್ರ ವಾಲ್ವ್ ಸರಿ ಅದ, ಅದಕ್ಕ ವ್ಯಾಕ್ಯೂಮ್ ಬಿಡೋ ಸೊಲೆನಾಯ್ಡ್ ನೋಡ್ರಿ. ಮಿಸ್ತ್ರಿ ಹತ್ರ ಕೈ ವ್ಯಾಕ್ಯೂಮ್ ಪಂಪ್ ಇದ್ರ ಇನ್ನೂ ಚಲೋ, ಡಬ್ಬಿಗಿ ಹಚ್ಚಿ ಎಳದ್ರ ಕಾಂಟಾ ಏರಿ ಅಲ್ಲೇ ನಿಲ್ಬೇಕು, ಇಳ್ಕೋತ ಬಂದ್ರ ಒಳಗಿನ ಡಯಾಫ್ರಮ್ ಹರದದ, ಅಂಥಾದ್ದನ್ನ ಎಷ್ಟು ತೊಳದ್ರೂ ಉಪಯೋಗಿಲ್ಲ. ಎಳದಾಗ ಕಾಂಟಾ ನಿಂತು ಇಂಜಿನ್ ಸಪ್ಪಳ ಬದಲಾಗ್ಲೇ ಇಲ್ಲಂದ್ರ ಹೊಗಿ ಹೋಗೋ ದಾರಿನೇ ಮಸಿಯಿಂದ ಮುಚ್ಚ್ಯಾದ, ಇಲ್ಲಾ ವಾಲ್ವಿನ ಒಳಗಿನ ಕಡ್ಡಿನೇ ಜಾಮ್ ಆಗ್ಯಾದ. ಬಾಯಿಲೆ ಎಳದು ನೋಡೋ ಹುಡುಗರು ಅವರ, ಬ್ಯಾಡ್ರಿ, ಒಳಗ ಇರೋದು ಡೀಸೆಲ್ ಮಸಿ.

ಇಲ್ಲಿ ಒಂದು ಮಾತು ಮರೀಬ್ಯಾಡ್ರಿ. ವ್ಯಾಕ್ಯೂಮ್ ಗಾಡಿಯಾಗ ಬ್ರೇಕ್ ಬೂಸ್ಟರ್‌ಗೂ ಇಜಿಆರ್‌ಗೂ ಒಂದೇ ಪಂಪಿನಿಂದ ವ್ಯಾಕ್ಯೂಮ್ ಹೋಗ್ತದ. ಇಜಿಆರ್ ಕೋಡ್ ಬಂದದ, ಜೋಡಿಗಿ ಬ್ರೇಕ್ ಪೆಡಲ್ ಗಟ್ಟಿ ಆಗ್ಯಾದ ಅಂದ್ರ ಪಂಪ್ ಇಲ್ಲಾ ಪೈಪ್ ಹೋಗ್ಯಾದ. ಆ ಗಾಡಿ ರೋಡಿಗಿ ತಗೀಬ್ಯಾಡ್ರಿ, ಗ್ಯಾರೇಜಿಗಿ ಟೋ ಮಾಡ್ಸಿ ಒಯ್ರಿ.

## ರೇಸ್ ಕೊಟ್ರ ಹಿಂದ ಕರಿ ಹೊಗಿ, ಗಾಡಿ ಎತ್ತಂಗಿಲ್ಲ

ಇದೇ ಭಾಳ ಮಂದಿ ದೂರು. ಕರಿ ಹೊಗಿ ಅಂದ್ರ ಲೆಕ್ಕ ಒಂದೇ, ಡೀಸೆಲ್ ಜಾಸ್ತಿ ಇಲ್ಲಾ ಗಾಳಿ ಕಮ್ಮಿ. ಗಾಳಿ ಎಲ್ಲೆಲ್ಲಿ ಕಮ್ಮಿ ಬೀಳ್ತದ ಅಂತ ಮುಂದಿಂದ ಹಿಂದಕ್ಕ ನೋಡ್ಕೋತ ಹೋಗ್ರಿ.

ಪೈಲೇ ಏರ್ ಫಿಲ್ಟರ್. ಪುಸ್ತಕದಾಗ ಬರೆದಿರೋ ಕಿಲೋಮೀಟರ್ ಲೆಕ್ಕ ನಮ್ಮ ಕಡಿ ನಡಿಯಂಗಿಲ್ಲ. ತೊಗರಿ ರಾಶಿ ದಿನದಾಗ ಹೊಲದ ದಾರಿ ಹಿಡದು ಹೋಗೋ ಗಾಡಿ, ಸೇಡಂ-ಮಳಖೇಡ-ವಾಡಿ ಕಡಿ ಸಿಮೆಂಟ್ ಲಾರಿ ಹಿಂದ ದಿನಾ ಹೋಗಿ ಬರೋ ಗಾಡಿ, ಶಹಾಬಾದ್ ಕಡಿ ಪರ್ಸಿ ಕಲ್ಲಿನ ಪಾಲಿಶ್ ಮಷೀನಿನ ಬಾಜೂಕ ನಿಂತಿರೋ ಗಾಡಿ, ಇವುಗಳ ಫಿಲ್ಟರ್ ಅರ್ಧ ದಾರಿಗೇ ತುಂಬಿರ್ತದ. ತಗದು ಬೆಳಕಿಗಿ ಹಿಡದು ನೋಡ್ರಿ, ಮಡಚಿನ ನಡುವ ಬೆಳಕು ಕಾಣ್ಲಿಲ್ಲಂದ್ರ ಬದಲಿ ಮಾಡ್ರಿ. ಕಂಪ್ರೆಸರ್ ಗಾಳಿ ಹೊಡದು ಹೊಡದು ಅದನ್ನೇ ಹಾಕೋರು ಅವರ, ಜೋರ್ ಗಾಳಿಗಿ ಪೇಪರ್ ಸಣ್ಣಗ ಹರದ್ರ ಧೂಳ ಸೀದಾ ಟರ್ಬೊಕ್ಕ ಹೋಗ್ತದ, ಆವಾಗ ಉಳಿಸಿದ ಫಿಲ್ಟರ್ ರೊಕ್ಕ ಯಾವ ಲೆಕ್ಕಕ್ಕೂ ಬರಂಗಿಲ್ಲ.

ಎರಡನೇದು ಟರ್ಬೊದಿಂದ ಇಂಟರ್‌ಕೂಲರ್‌ಗಿ, ಅಲ್ಲಿಂದ ಇಂಜಿನ್‌ಗಿ ಬರೋ ದಪ್ಪ ರಬ್ಬರ್ ಪೈಪ್. ಬ್ಯಾಸಗ್ಯಾಗ ನಮ್ಮಲ್ಲಿ 40 ಡಿಗ್ರಿ ದಾಟೋದು ದಿನದ ಮಾತು, ಬಾನೆಟ್ ಒಳಗಿನ ಬಿಸಿ ಬ್ಯಾರೆನೇ, ಆ ರಬ್ಬರ್ ಬಿರಿಕ್ ಬಿಡ್ತದ, ಅದೂ ಕೆಳಗಿನ ಬಾಜೂಕ, ಕಣ್ಣಿಗಿ ಕಾಣದ ಕಡಿ. ಕೈ ಆಡಿಸಿ ನೋಡ್ರಿ, ಒಂದೇ ಕಡಿ ಜಾಸ್ತಿ ಎಣ್ಣಿ ಜಿಡ್ಡು ಹತ್ತಿ ಅದರ ಮ್ಯಾಲ ಧೂಳ ಕೂತಿದ್ರ ಅಲ್ಲೇ ಗಾಳಿ ಸೋರ್ಲತ್ತದ. ಯಾರಾದ್ರೂ ಸೀಟಿನಾಗ ಕೂತು ರೇಸ್ ಕೊಟ್ರ ಸುಸ್ಸ್ ಅಂತ ಸಪ್ಪಳ ಕೇಳ್ತದ. ಕ್ಲಿಪ್ ಲೂಸ್ ಇದ್ರ ಸ್ಕ್ರೂ ಡ್ರೈವರ್‌ಲೆ ಐದು ನಿಮಿಷದ ಕೆಲಸ. ಮಜಾ ಅಂದ್ರ ಈ ಸೋರಿಕೆ ಇದ್ದಾಗ್ಲೂ ಇಜಿಆರ್ ಕೋಡೇ ಬರಬಹುದು. ಯಾಕಂದ್ರ ಎಷ್ಟು ಹೊಗಿ ತಿರುಗಿ ಬರ್ಲತ್ತದ ಅನ್ನೋದನ್ನ ಇಂಜಿನ್ ಕಂಪ್ಯೂಟರ್ ಭಾಳ ಗಾಡಿಯಾಗ ಸೀದಾ ಅಳಿಯಂಗಿಲ್ಲ, ಹೊಸಾ ಗಾಳಿ ಎಷ್ಟು ಬರ್ಲತ್ತದ ಅನ್ನೋದನ್ನ ಏರ್ ಫ್ಲೋ ಸೆನ್ಸರ್‌ಲೆ ನೋಡಿ ಅಂದಾಜ ಕಟ್ತದ. ಪೈಪ್ ಸೋರಿದ್ರ ಸೆನ್ಸರ್ ದಾಟಿ ಜಾಸ್ತಿ ಗಾಳಿ ಹೋಗ್ತದ, ಕಂಪ್ಯೂಟರ್ "ಹೊಸಾ ಗಾಳಿ ಜಾಸ್ತಿ ಅದ, ಅಂದ್ರ ಇಜಿಆರ್ ಹೊಗಿ ಕಮ್ಮಿ ಅದ" ಅಂತ ತಿಳಕೊಂಡು ವಾಲ್ವ್ ಇನ್ನೂ ತೆರಿ ಅಂತದ. ಅಲ್ಲಿಂದ ಕರಿ ಹೊಗಿ. ಈಗ ಹೇಳ್ರಿ, ಇಜಿಆರ್ ಬಿಚ್ಚಿ ತೊಳದ್ರ ಏನ್ ಬಂತು?

ಮೂರನೇದು ಅದೇ ಏರ್ ಫ್ಲೋ ಸೆನ್ಸರ್. ಏರ್ ಫಿಲ್ಟರ್ ಡಬ್ಬಿ ಆದ ಮ್ಯಾಲ ಪೈಪಿನಾಗ ಕೂತಿರ್ತದ. ಅದರ ಮ್ಯಾಲ ಧೂಳ ಕೂತ್ರ ಗಾಳಿದು ತಪ್ಪು ಲೆಕ್ಕ ಕೊಡ್ತದ. ಅದಕ್ಕಂತಾನೇ ಬ್ಯಾರೆ ಸ್ಪ್ರೇ ಸಿಗ್ತದ, ಅದನ್ನೇ ಹೊಡೀರಿ, ಒಣಗ್ಲಿ, ಬಟ್ಟಿ, ಹತ್ತಿ, ಬೆರಳು ಯಾವುದೂ ಮುಟ್ಟಸಬ್ಯಾಡ್ರಿ, ಒಳಗಿನ ತಂತಿ ಕೂದಲಿನಷ್ಟು ಸಣ್ಣ. ಕಾರ್ಬ್ಯುರೇಟರ್ ಕ್ಲೀನರ್ ಇದಕ್ಕ ನಡಿಯಂಗಿಲ್ಲ.

ಈ ಮೂರೂ ಸರಿ ಅವ, ಆದ್ರೂ ಹುಮನಾಬಾದ್ ರೋಡಿನಾಗ ಲಾರಿ ಓವರ್‌ಟೇಕ್ ಮಾಡ್ಲಾಕ ಹೋದ್ರ ಹಿಂದ ಕರಿ ಮೋಡ ಎದ್ದು ಗಾಡಿ ಅಲ್ಲೇ ನಿಂತಂಗ ಆಗ್ತದ ಅಂದ್ರ, ಈಗ ಇಜಿಆರ್ ತೆರದು ನಿಂತದ ಅನ್ನೋದಕ್ಕ ಜೋರು ಬಂತು. ಪಿಯುಸಿ ಮಾಡ್ಸೋವಾಗ್ಲೂ ಇದು ಕಾಣ್ತದ. ಡೀಸೆಲ್ ಗಾಡಿಗಿ ಪೆಡಲ್ ಒಮ್ಮೆಲೇ ಪೂರಾ ತುಳಿದು ಹೊಗಿ ಅಳೀತಾರ, ಬಿಎಸ್4 (ಸರ್ಕಾರದ ಹೊಗಿ ನಿಯಮದ ಹಂತ) ಗಾಡಿಗಿ 50 ಎಚ್‌ಎಸ್‌ಯು (ಹೊಗಿ ಎಷ್ಟು ದಟ್ಟ ಅಂತ ಹೇಳೋ ಅಳತಿ), ಅದಕ್ಕಿಂತ ಹಳೇದಕ್ಕ 65 ಮಿತಿ. ಸರಿ ಇರೋ ವಾಲ್ವ್ ಆ ಹೊತ್ತಿಗಿ ಬಂದ್ ಆಗ್ಬೇಕು, ಆಗ್ಲಿಲ್ಲಂದ್ರ ನಂಬರ್ ಏರ್ತದ.

ಕರಿ ಹೊಗಿ ಜೋಡಿ ಟರ್ಬೊ ಕಡಿಂದ ಸೈರನ್ ಥರ ಕೂಗು ಬರ್ಲತ್ತದ, ಇಲ್ಲಾ ಹೊಗಿ ನೀಲಿ ಆಗ್ಯಾದ, ಇಂಜಿನ್ ಆಯಿಲ್ ಕಮ್ಮಿ ಆಗ್ಲತ್ತದ ಅಂದ್ರ ಓಡ್ಸೋದು ನಿಲ್ಲಸ್ರಿ. ಅದು ಟರ್ಬೊ ಸೀಲ್. ಅದು ಪೂರಾ ಹೋದ್ರ ಇಂಜಿನ್ ತನ್ನ ಆಯಿಲ್ ತಾನೇ ಕುಡದು, ಚಾವಿ ತಗದ್ರೂ ನಿಲ್ಲದೆ ರೇಸ್ ಏರಿಸ್ಕೋತ ಹೋಗೋ ಸಾಧ್ಯತೆ ಅದ.

## ಇಂಜಿನ್ ಲೈಟ್ ಹತ್ಯಾದ, ಬಾಕಿ ಏನೂ ತ್ರಾಸಿಲ್ಲ

ಸ್ಟೀರಿಂಗ್ ಕೆಳಗ ಒಬಿಡಿ ಸಾಕೆಟ್, ಅಂದ್ರ ಗಾಡಿ ಕಂಪ್ಯೂಟರ್‌ಗಿ ಸ್ಕ್ಯಾನರ್ ಹಚ್ಚೋ ಜಾಗ, ಇರ್ತದ. ಬ್ಲೂಟೂತ್ ಸ್ಕ್ಯಾನರ್ ಸಣ್ಣದೊಂದು ತಗೊಂಡು ಮೊಬೈಲಿಗಿ ಕೂಡಿಸಿದ್ರ ಕೋಡ್ ನೀವೇ ಓದಬಹುದು. ಗ್ಯಾರೇಜಿಗಿ ಹೋಗೋಕ್ಕಿಂತ ಮೊದ್ಲ ಕೋಡ್ ಬರಕೊಂಡು, ಇಲ್ಲಾ ಫೋಟೋ ತಕ್ಕೊಂಡು ಹೋದ್ರ ಎದುರಿಗಿನವ ಮಾತಾಡೋ ರೀತಿನೇ ಬದಲಾಗ್ತದ. ಕೋಡ್ ಅಳಿಸಿ ಹೋಗಬ್ಯಾಡ್ರಿ, ಮಿಸ್ತ್ರಿಗಿ ಹುಡುಕ್ಲಾಕ ಏನೂ ಉಳಿಯಂಗಿಲ್ಲ.

ಪಿ0401 ಅಂದ್ರ ಇಜಿಆರ್ ಹೊಗಿ ಕಮ್ಮಿ ಬರ್ಲತ್ತದ ಅಂತ: ದಾರಿ ಮುಚ್ಚಿರಬಹುದು, ವಾಲ್ವ್ ಬಂದ್ ಜಾಮ್ ಆಗಿರಬಹುದು, ಇಲ್ಲಾ ಮ್ಯಾಲ ಹೇಳಿದ ಪೈಪ್ ಸೋರಿಕೆ. ಪಿ0402 ಇದರ ಉಲ್ಟಾ, ಹೊಗಿ ಜಾಸ್ತಿ ಬರ್ಲತ್ತದ: ವಾಲ್ವ್ ಪೂರಾ ಮುಚ್ಚವಲ್ದು, ಇಲ್ಲಾ ಏರ್ ಫ್ಲೋ ಸೆನ್ಸರ್ ಗಾಳಿ ಕಮ್ಮಿ ತೋರ್ಸ್ಲತ್ತದ. ಪಿ0403 ಬಂದ್ರ ಅದು ವೈರಿಂಗ್ ಮಾತು, ಪಾನಾ ಹಿಡಿಯೋಕ್ಕಿಂತ ಮೊದ್ಲ ಕನೆಕ್ಟರ್ ನೋಡ್ರಿ. ನಮ್ಮ ಕಡಿ ಇಲಿ ವೈರ್ ಕಡಿಯೋದು ಸಣ್ಣ ತ್ರಾಸಲ್ಲ, ಹೊಲದ ಮನಿ ಬಾಜೂಕ, ಕಾಳಿನ ಚೀಲದ ಹತ್ರ ಗಾಡಿ ನಿಲ್ಸೋರು ವೈರ್ ಸುತ್ತ ಟಾರ್ಚ್ ಹಾಕಿ ನೋಡ್ರಿ. ಪಿ0404 ಅಂದ್ರ ವಾಲ್ವ್ ಹೇಳಿದಷ್ಟು ಹಂದಾಡವಲ್ದು, ಇದೇ ಮಸಿ ಅಂಟಿದ ವಾಲ್ವಿನ ಕೋಡ್. ಪಿ0405, ಪಿ0406 ವಾಲ್ವ್ ಎಷ್ಟು ತೆರದದ ಅಂತ ಹೇಳೋ ಸೆನ್ಸರಿಂದು, ತೊಳಿಯೋದ್ರಿಂದ ಅದು ಸರಿ ಆಗೋದು ಅಪರೂಪ.

ಲೈವ್ ಡಾಟಾ ತೋರ್ಸೋ ಸ್ಕ್ಯಾನರ್ ಇದ್ರ ಇನ್ನೊಂದು ನೋಡ್ರಿ. ಗಾಡಿ ಬಿಸಿ ಇದ್ದಾಗ ಐಡ್ಲಿಂಗ್‌ದಾಗ ಇಜಿಆರ್ ಕಮಾಂಡ್ (ವಾಲ್ವ್ ಎಷ್ಟು ತೆರಿ ಅಂತ ಕಂಪ್ಯೂಟರ್ ಕೊಡೋ ಆರ್ಡರ್) ಎಷ್ಟು, ಏರ್ ಫ್ಲೋ ಎಷ್ಟು ಅಂತ ಎರಡೂ ಒಟ್ಟಿಗಿ. ಕಮಾಂಡ್ ಇಳದಾಗ ಏರ್ ಫ್ಲೋ ಏರ್ಬೇಕು, ಕಮಾಂಡ್ ಏರಿದಾಗ ಇಳೀಬೇಕು. ಕಮಾಂಡ್ ಕುಣೀಲತ್ತದ, ಏರ್ ಫ್ಲೋ ಕಲ್ಲಿನಂಗ ನಿಂತದ ಅಂದ್ರ ವಾಲ್ವ್ ಇಲ್ಲಾ ದಾರಿ ಜಾಮ್. ಕೆಲವು ಗಾಡಿಯಾಗ ಸ್ವಲ್ಪ ಹೊತ್ತು ಐಡ್ಲಿಂಗ್ ಇಟ್ರ ಕಂಪ್ಯೂಟರ್ ತಾನೇ ಇಜಿಆರ್ ಬಂದ್ ಮಾಡ್ತದ, ಅದನ್ನ ದೋಷ ಅಂತ ತಿಳೀಬ್ಯಾಡ್ರಿ, ಒಮ್ಮೆ ರೇಸ್ ಕೊಟ್ಟು ಬಿಟ್ಟು ಮತ್ತ ನೋಡ್ರಿ.

## ಕೂಲಂಟ್ ಕಮ್ಮಿ ಆಗ್ಲತ್ತದ, ಕೆಳಗ ಒಂದು ಹನಿ ಇಲ್ಲ, ಹೊಗಿ ಬೆಳ್ಳಗ

ಹೊಗಿ ಒಳಗ ಹೋಗೋಕ್ಕಿಂತ ಮೊದ್ಲ ಥಂಡಾ ಮಾಡ್ಲಾಕ ಭಾಳ ಗಾಡಿಯಾಗ ಇಜಿಆರ್ ಕೂಲರ್ ಇರ್ತದ, ಅದರೊಳಗ ಕೂಲಂಟ್ ಓಡಾಡ್ತದ. ಅದು ಒಳಗೇ ಒಡದ್ರ ಕೂಲಂಟ್ ಹೊಗಿ ದಾರಿಗಿ ಸೋರ್ತದ, ಹೊರಗ ಏನೂ ಕಾಣಂಗಿಲ್ಲ. ಲಕ್ಷಣ: ಬಿಸಿ ಆದ ಮ್ಯಾಲೂ ನಿಲ್ಲದ ಬಿಳಿ ಹೊಗಿ, ಸಿಹಿ ಸಿಹಿ ವಾಸನಿ, ಡಬ್ಬಿಯಾಗ ಕೂಲಂಟ್ ದಿನಾ ಇಳಿಯೋದು. ಹೆಡ್ ಗ್ಯಾಸ್ಕೆಟ್ ಹೋದ್ರೂ ಇದೇ ಲಕ್ಷಣ, ಪ್ರೆಶರ್ ಟೆಸ್ಟ್ ಮಾಡದೆ ಯಾವುದು ಅಂತ ಬಾಯಿ ಮಾತಿನಾಗ ಹೇಳ್ಲಾಕ ಬರಂಗಿಲ್ಲ.

ಇಲ್ಲಿ ಮನಿ ಕೆಲಸ ಮುಗೀತು. ನೀರು ಹಾಕ್ಕೋತ, ಹಾಕ್ಕೋತ ಸೊಲ್ಲಾಪುರ ತನಕ ಹೋಗಿ ಬರ್ತೀನಿ ಅನ್ನಬ್ಯಾಡ್ರಿ, ಕೂಲಂಟ್ ಸಿಲಿಂಡರ್‌ದಾಗ ಕೂತ್ರ ಮರುದಿನ ಸೆಲ್ಫ್ ಹೊಡದಾಗ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಬಿಸಿ ಇದ್ದಾಗ ಕೂಲಂಟ್ ಮುಚ್ಚಳ ತೆರೀಬ್ಯಾಡ್ರಿ, ಕುದಿಯೋ ನೀರು ಸೀದಾ ಮುಖಕ್ಕ ಹಾರ್ತದ.

## ಗಾಡಿಯೊಳಗ ಹೊಗಿ ವಾಸನಿ, ಬಾನೆಟ್ ಕಡಿಂದ ಟಿಕ್ ಟಿಕ್

ಇಜಿಆರ್ ಪೈಪಿನ ಪ್ಯಾಕಿಂಗ್ ಹೋಗಿರ್ತದ, ಇಲ್ಲಾ ಪೈಪೇ ಬಿರಿಕ್ ಬಿಟ್ಟಿರ್ತದ. ಥಂಡಾ ಇದ್ದಾಗ ಸಪ್ಪಳ ಜಾಸ್ತಿ, ಬಿಸಿ ಆಗಿ ಲೋಹ ಹಿಗ್ಗಿದ ಮ್ಯಾಲ ಕಮ್ಮಿ. ಕೂಡೋ ಜಾಗದಾಗ ಕರಿ ಮಸಿಯ ಗೆರಿ ಕಾಣ್ತದ. ಸಣ್ಣ ರಿಪೇರಿ, ಆದ್ರ ಎಸಿ ಹಾಕಿ ಗ್ಲಾಸ್ ಏರಿಸಿ ಓಡ್ಸೋದು ಅಪಾಯ, ಕಾರ್ಬನ್ ಮೊನಾಕ್ಸೈಡ್‌ಗಿ ವಾಸನಿ ಇಲ್ಲ. ರಿಪೇರಿ ಆಗೋ ತನಕ ಗ್ಲಾಸ್ ಇಳಿಸಿ ಗ್ಯಾರೇಜ್ ತನಕ ಅಷ್ಟೇ, ಸಣ್ಣ ಹುಡುಗ್ರನ್ನ ಕೂಡಿಸ್ಕೊಂಡು ಗಾಣಗಾಪುರಕ್ಕ ಹೋಗೋದು ಮುಂದಿನ ಹುಣ್ಣಿವಿಗಿ ಇಟ್ಕೋರಿ.

## ಬಿಎಸ್6 ಗಾಡಿ, ಡಿಪಿಎಫ್ ಲೈಟ್ ಮ್ಯಾಲಿಂದ ಮ್ಯಾಲ

2020ರ ಏಪ್ರಿಲ್ ಆದ ಮ್ಯಾಲ ಬಂದ ಡೀಸೆಲ್ ಕಾರಿನಾಗ ಮಸಿ ಹಿಡಿಯೋ ಫಿಲ್ಟರ್, ಡಿಪಿಎಫ್, ಇರ್ತದ. ಇಜಿಆರ್ ತೆರದು ನಿಂತ್ರ ಮಸಿ ಜಾಸ್ತಿ, ಡಿಪಿಎಫ್ ಜಲ್ದಿ ತುಂಬ್ತದ, ಅದನ್ನ ಸುಡ್ಲಾಕ ಗಾಡಿ ಜಾಸ್ತಿ ಡೀಸೆಲ್ ಬಿಡ್ತದ. ಖಾಲಿ ಊರೊಳಗೇ ಓಡ್ಸೋರಿಗಿ ಇಜಿಆರ್ ಸರಿ ಇದ್ರೂ ಈ ಲೈಟ್ ಬರ್ತದ, ಅಂಥವರು ಪುಸ್ತಕದಾಗ ಹೇಳಿದಂಗ ಹೈವೇದಾಗ ಒಂದೇ ಸ್ಪೀಡಿನಾಗ ಒಂದು ಇಪ್ಪತ್ತು ನಿಮಿಷ ಓಡಿಸಿ ನೋಡ್ರಿ. ಅದಾದ ಮ್ಯಾಲೂ ಜಲ್ದಿ ಜಲ್ದಿ ಬಂದ್ರ ಡಿಪ್ ಸ್ಟಿಕ್ ತಗದು ಆಯಿಲ್ ನೋಡ್ರಿ. ಮ್ಯಾಕ್ಸ್ ಗೆರಿ ದಾಟಿದ್ರ, ಡೀಸೆಲ್ ವಾಸನಿ ಬಂದ್ರ, ಸುಡದ ಡೀಸೆಲ್ ಆಯಿಲ್‌ದಾಗ ಇಳದದ, ಓಡಸಬ್ಯಾಡ್ರಿ, ಆಯಿಲ್ ಬದಲಿ ಮಾಡ್ಸಿ ಕಾರಣ ಹುಡುಕಸ್ರಿ. ವಾರಂಟಿ ಇದ್ರ ಸರ್ವಿಸ್ ಸೆಂಟರ್‌ಗೇ ಹೋಗ್ರಿ, ನೀವು ಪಾನಾ ಹಚ್ಚಬ್ಯಾಡ್ರಿ.

## ಈಗ ಬಿಚ್ಚೋದು, ತೊಳಿಯೋದು

ವಾಲ್ವ್ ಇಂಜಿನ್ ಮ್ಯಾಲೇ ಕೈಗಿ ಸಿಗೋ ಹಂಗಿದ್ರ, ಕೂಲಂಟ್ ಪೈಪ್ ಅದಕ್ಕ ಬಂದಿಲ್ಲಂದ್ರ ಮನ್ಯಾಗ ಮಾಡಬಹುದು. ಇಂಜಿನ್ ಹಿಂದ, ಕೆಳಗ, ಕೂಲರ್ ಜೋಡಿ ಒಂದೇ ಗಂಟಾಗಿ ಕೂತಿದ್ರ ಬಿಡ್ರಿ, ಅದು ಲಿಫ್ಟ್ ಇರೋ ಗ್ಯಾರೇಜಿನ ಕೆಲಸ. ಹೊಸಾ ಪ್ಯಾಕಿಂಗ್ ಕೈಯಾಗ ಬರೋ ತನಕ ಬಿಚ್ಚಬ್ಯಾಡ್ರಿ. ನಮ್ಮಲ್ಲಿ ಕೆಲವು ಮಾಡೆಲ್ಲಿಂದು ಹೈದ್ರಾಬಾದ್‌ದಿಂದ ಇಲ್ಲಾ ಸೊಲ್ಲಾಪುರದಿಂದ ತರಸ್ಬೇಕಾಗ್ತದ, ಗಾಡಿ ಬಿಚ್ಚಿಟ್ಟು ದಾರಿ ಕಾಯೋದು ಬೇಕಾಗಿಲ್ಲ.

ಬ್ಯಾಟರಿ ಮೈನಸ್ ತಗೀರಿ. ಕೈಗವಸು, ಮಾಸ್ಕ್, ಕಣ್ಣಿಗಿ ಕನ್ನಡಕ ಹಾಕ್ರಿ. ಡೀಸೆಲ್ ಹೊಗಿನ 2012ರಾಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರೋ ವಸ್ತು ಅಂತ ಮೊದಲನೇ ಗುಂಪಿಗಿ ಸೇರಿಸ್ಯಾದ, ಆ ಮಸಿ ಉಫ್ ಅಂತ ಬಾಯಿಲೆ ಊದಬ್ಯಾಡ್ರಿ. ಬೋಲ್ಟ್ ಬಿಸಿಗಿ ಕಚ್ಚಿಕೊಂಡಿರ್ತಾವ, ತುಕ್ಕು ಬಿಡೋ ಎಣ್ಣಿ ಹಿಂದಿನ ರಾತ್ರಿನೇ ಹೊಡದಿಟ್ರ ಚಲೋ. ಪಾನಾ ತಿರುಗವಲ್ದು ಅಂತ ಪೈಪ್ ಹಾಕಿ ಎಳೀಬ್ಯಾಡ್ರಿ, ಅಲ್ಯುಮಿನಿಯಂದಾಗ ಬೋಲ್ಟ್ ಮುರದ್ರ ಐದನೂರಿನ ಕೆಲಸ ಐದು ಸಾವಿರಕ್ಕ ಹೋಗ್ತದ. ಗಟ್ಟಿ ಅದ ಅಂದ್ರ ಅಲ್ಲೇ ನಿಲ್ಲಸ್ರಿ.

ವಾಲ್ವ್ ಹೊರಗ ಬಂದ ಕೂಡ್ಲೇ ತೊಳೀಬ್ಯಾಡ್ರಿ. ಮಸಿನ ನೋಡ್ರಿ, ಬೆರಳಿಲೆ ತಿಕ್ಕಿ ನೋಡ್ರಿ. ರೋಗ ಎಲ್ಲಿ ಅದ ಅನ್ನೋದು ಇಲ್ಲೇ ಗೊತ್ತಾಗ್ತದ, ಇಲ್ಲೇ ಎಲ್ಲಾರೂ ಅವಸರ ಮಾಡ್ತಾರ. ಒಣಾ, ಪುಡಿ ಪುಡಿ, ಬೆರಳಿಗಿ ರೊಟ್ಟಿ ಹಂಚಿನ ತಳದ ಮಸಿ ಹತ್ತಿದಂಗ ಹತ್ತಿದ್ರ ಡೀಸೆಲ್ ಸರಿ ಉರೀವಲ್ದು: ಇಂಜೆಕ್ಟರ್, ಇಲ್ಲಾ ಗಾಳಿ ಕಮ್ಮಿ. ಹಸಿ, ಜಿಡ್ಡು, ಡಾಂಬರ್ ಥರ ಎಳಿ ಎಳಿ ಬಂದ್ರ ಮಸಿ ಜೋಡಿ ಆಯಿಲ್ ಕೂಡ್ಯಾದ: ಬ್ರೀದರ್ ಪೈಪಿನಿಂದ ಆಯಿಲ್ ಆವಿ ಜಾಸ್ತಿ ಬರ್ಲತ್ತದ ಇಲ್ಲಾ ಟರ್ಬೊ ಸೋರ್ಲತ್ತದ. ಆಯಿಲ್ ಮ್ಯಾಕ್ಸ್ ಗೆರಿಗಿಂತ ಮ್ಯಾಲ ತುಂಬ್ಸಿದ್ರೂ ಹಿಂಗೇ. ಬೂದಿ ಬಣ್ಣದ, ಉಗುರಿಗಿ ಬರದ ಗಟ್ಟಿ ಹಕ್ಕಳಿ ಇದ್ದು ಕೂಲಂಟೂ ಕಮ್ಮಿ ಆಗ್ಲತ್ತಿದ್ರ ಕೂಲರ್ ನೋಡಸ್ರಿ. ಸಣ್ಣ ಮಸಿ ಪದರು ಎಲ್ಲಾ ವಾಲ್ವ್‌ಗೂ ಇರ್ತದ, ಅದು ದೋಷ ಅಲ್ಲ. ಕಡ್ಡಿ ಪೂರಾ ಹಂದಾಡ್ತದೋ, ತುದಿಯ ಬಟ್ಟಲು ಸೀಟಿನ ಮ್ಯಾಲ ಸರಿ ಕೂಡ್ತದೋ ಅಷ್ಟೇ ಮುಖ್ಯ. ಬೆಳಕಿಗಿ ಹಿಡದಾಗ ಬಂದ್ ಇರೋ ವಾಲ್ವಿನ ಸುತ್ತ ಅರ್ಧಚಂದ್ರದಂಥ ಸಣ್ಣ ಬೆಳಕು ಕಂಡ್ರ, ಅಲ್ಲೊಂದು ಮಸಿ ಹರಳು ಸಿಕ್ಕ್ಯಾದ, ನಿಮ್ಮ ಕರಿ ಹೊಗಿಗಿ ಅದೊಂದೇ ಸಾಕು.

ತೊಳಿಯೋವಾಗ ಕಾರ್ಬ್ಯುರೇಟರ್ ಕ್ಲೀನರ್ ಇಲ್ಲಾ ಇಜಿಆರ್ ಕ್ಲೀನರ್ ಸ್ಪ್ರೇ, ಹಳೆ ಹಲ್ಲಿನ ಬ್ರಶ್, ಕಟಗಿ ಕಡ್ಡಿ. ಮೋಟಾರ್ ಇರೋ ಬಾಜೂ ಮ್ಯಾಲ ಮಾಡಿ ಹಿಡೀರಿ, ಸ್ಪ್ರೇ ಹೋಗಿ ಮೋಟಾರಿಗಿ ಇಳೀಬಾರ್ದು, ಪೂರಾ ವಾಲ್ವ್ ಡೀಸೆಲ್ ಬಕೆಟಿನಾಗ ಮುಳುಗಿಸಿಡೋದಂತೂ ಬ್ಯಾಡೇ ಬ್ಯಾಡ. ಹೊಡೀರಿ, ಹದಿನೈದು ನಿಮಿಷ ನೆನೀಲಿ, ತಿಕ್ರಿ, ಮತ್ತ ಹೊಡೀರಿ. ಸೀಟಿನ ಮ್ಯಾಲ ಕಬ್ಬಿಣದ ಬ್ರಶ್, ಸ್ಕ್ರೂ ಡ್ರೈವರ್ ಹಚ್ಚಬ್ಯಾಡ್ರಿ, ಒಂದು ಗೀರು ಬಿದ್ರ ಅದು ಯಾವತ್ತೂ ಪೂರಾ ಮುಚ್ಚಂಗಿಲ್ಲ. ಸ್ಪ್ರೇ ಪೆಟ್ರೋಲಿನಂಗ ಹತ್ತಿಕೊಳ್ತದ, ಬಾಜೂಕ ನಿಂತು ಬೀಡಿ ಸೇದ್ಕೋತ ಸಲಹಾ ಕೊಡೋರನ್ನ ದೂರ ಕಳಸ್ರಿ.

ಇನ್ನೊಂದು, ಇದನ್ನ ಗಟ್ಟಿ ನೆನಪಿಡ್ರಿ: ಇಂಜಿನ್ ಚಾಲೂ ಇಟ್ಟು ಇಂಟೇಕಿನಾಗ ಸ್ಪ್ರೇ ಹೊಡಿಯೋ ವಿಡಿಯೋ ನೋಡಿ ಡೀಸೆಲ್ ಗಾಡಿಗಿ ಹಂಗ ಮಾಡಬ್ಯಾಡ್ರಿ. ಡೀಸೆಲ್ ಇಂಜಿನ್‌ಗಿ ಉರಿಯೋದು ಏನ್ ಸಿಕ್ರೂ ಇಂಧನವೇ, ರೇಸ್ ತಂತಾನೇ ಏರ್ತದ. ಇಂಟೇಕ್ ಬಾಯಿ ಸಾಫ್ ಮಾಡೋದಿದ್ರ ಬಟ್ಟಿಲೆ ಒರಸ್ರಿ, ಮಸಿ ಗಡ್ಡಿ ಒಳಗ ಬೀಳದಂಗ ಬಟ್ಟಿ ತುರುಕಿ ಕೆರೀರಿ, ಆ ಬಟ್ಟಿ ತಗಿಯೋದು ಮರೀಬ್ಯಾಡ್ರಿ. ಕ್ಲೀನರ್ ಪೂರಾ ಆರಿದ ಮ್ಯಾಲೇ ಸೆಲ್ಫ್ ಹೊಡೀರಿ.

ತಿರುಗಿ ಹಚ್ಚುವಾಗ ಹೊಸಾ ಪ್ಯಾಕಿಂಗ್, ಬೋಲ್ಟ್ ಎಲ್ಲಾ ಮೊದ್ಲ ಕೈಲೆ ತಿರುವಿ, ಆಮ್ಯಾಲ ಒಂದೊಂದನ್ನ ಸ್ವಲ್ಪ ಸ್ವಲ್ಪ ಬಿಗೀರಿ. ಬಿಗಿತದ ನಂಬರ್ ನಿಮ್ಮ ಗಾಡಿಯ ವರ್ಕ್‌ಶಾಪ್ ಪುಸ್ತಕದ್ದೇ ಇರ್ಲಿ.

## ತೊಳೀಬೇಕೋ, ಹೊಸಾದೇ ಹಾಕ್ಬೇಕೋ

ತೊಳದ ಮ್ಯಾಲ ಕಡ್ಡಿ ಸಲೀಸಾಗಿ ಹಂದಾಡಿ ಸ್ಪ್ರಿಂಗಿಗಿ ಟಪ್ ಅಂತ ಬಂದ್ ಆದ್ರ ಹೊಸಾದು ಬೇಕಾಗಿಲ್ಲ, ಯಾರೇ ಹೇಳ್ಲಿ. ಡಯಾಫ್ರಮ್ ಹರದಿದ್ರ, ಮೋಟಾರ್ ಸುಟ್ಟಿದ್ರ, ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಹೋಗಿದ್ರ, ಕಡ್ಡಿ ಸವದು ಆ ಕಡಿ ಈ ಕಡಿ ಅಲಗಾಡಿದ್ರ ಬದಲಿ ಮಾಡ್ರಿ. ಹೊಸಾದು ತಗೋವಾಗ ಹಳೆ ವಾಲ್ವಿನ ಮ್ಯಾಲಿನ ಪಾರ್ಟ್ ನಂಬರ್ ಅಕ್ಷರ ಅಕ್ಷರ ಕೂಡ್ಸಿ ನೋಡ್ರಿ, ಒಂದೇ ಇಂಜಿನ್ ಇದ್ರೂ ಬಿಎಸ್3 ಗಾಡಿದು ಬಿಎಸ್4 ಗಾಡಿಗಿ ಕೂಡ್ತದ ಅಂತ ನಂಬಲಾಕ ಬರಂಗಿಲ್ಲ. ಗುಜರಿಯಾಗಿನ ಹಳೆ ವಾಲ್ವ್ ಸಸ್ತಾ ಸಿಗ್ತದ, ಅದು ಯಾವ ಮಸಿ ತಿಂದು ಬಂದದೋ ಏನೋ, ನಾನಂತೂ ತಗೋ ಅನ್ನಂಗಿಲ್ಲ. ಹೊಸಾದು ಹಾಕಿದ ಮ್ಯಾಲ ಕೆಲವು ಗಾಡಿಗಿ ಸ್ಕ್ಯಾನರ್‌ಲೆ ವಾಲ್ವಿನ ಬಂದ್ ಜಾಗ ಕಲಿಸ್ಬೇಕಾಗ್ತದ, ಅದನ್ನ ಬಿಟ್ರ ಹೊಸಾ ವಾಲ್ವ್ ಇದ್ರೂ ನಡುಕ ಹಂಗೇ ಇರ್ತದ, ಅಂಗಡಿಯವನ ಜೋಡಿ ಸುಮ್ಮನ ಜಗಳ.

## "ಪತ್ರಾ ಹಾಕಿ ಬಂದ್ ಮಾಡ್ಸಿಬಿಡ್ರಿ ಅಣ್ಣಾ, ಪಿಕಪ್ ಬರ್ತದ"

ಈ ಮಾತು ಕೇಳದೆ ಇರೋ ಡೀಸೆಲ್ ಮಾಲಕ್ ಇಲ್ಲ. ತೆರದು ನಿಂತ ವಾಲ್ವಿನ ಹೊಗಿ ದಾರಿಗಿ ಅಡ್ಡ ಪತ್ರಾ (ತಗಡು) ಹಾಕಿದ್ರ ಪಿಕಪ್ ತಿರುಗಿ ಬರ್ತದ, ಖರೇ. ಆದ್ರ ಅದು ಕಾಯ್ದೆಗಿ ವಿರುದ್ಧ. ಮೋಟಾರು ವಾಹನ ಕಾಯ್ದೆ 190(2)ರ ಪ್ರಕಾರ ಹೊಗಿ ನಿಯಮ ಮೀರಿದ್ರ ಮೊದಲ ಸಲಕ್ಕೇ 10,000 ರೂಪಾಯಿ ತನಕ ದಂಡ ಇಲ್ಲಾ 3 ತಿಂಗಳ ತನಕ ಜೈಲು ಇಲ್ಲಾ ಎರಡೂ, ಮ್ಯಾಲಿಂದ 3 ತಿಂಗಳು ಲೈಸೆನ್ಸ್ ಹೋಗ್ತದ. ಇನ್ನು ಕಂಪ್ಯೂಟರ್ ಇರೋ ಗಾಡಿಯಾಗ ಪತ್ರಾ ಹಾಕಿದ್ರ ಪಿ0401 ಬಂದು ಲೈಟ್ ಹತ್ತದ, ಕೆಲವು ಗಾಡಿ ಸೀದಾ ಲಿಂಪ್ ಮೋಡಿಗಿ ಹೋಗಿ ರೇಸೇ ಏರಂಗಿಲ್ಲ. ಅದನ್ನ ಮುಚ್ಚಲಾಕ ಸಾಫ್ಟ್‌ವೇರ್ ಬದಲಿ ಮಾಡ್ಸೋದು, ಅದಕ್ಕ ಮತ್ತ ರೊಕ್ಕ. ಅಷ್ಟು ರೊಕ್ಕದಾಗ ವಾಲ್ವ್ ತೊಳದು, ಬ್ರೀದರ್ ನೋಡ್ಸಿ, ಇಂಜೆಕ್ಟರ್ ಟೆಸ್ಟ್ ಮಾಡ್ಸಬಹುದು.

## ಎಲ್ಲಾ ಆಯ್ತು, ಲೈಟ್ ಮತ್ತ ಬಂತು

ಕೋಡ್ ಅಳಿಸಿ, ಗಾಡಿ ಬಿಸಿ ಮಾಡಿ, ಊರೊಳಗ ಒಂದಿಷ್ಟು, ರಿಂಗ್ ರೋಡ್ ಹಿಡದು ಹೈವೇದಾಗ ಒಂದಿಷ್ಟು ಓಡಸ್ರಿ, ಆಮ್ಯಾಲ ಮತ್ತ ಸ್ಕ್ಯಾನ್ ಮಾಡ್ರಿ. ಪಿ0401ಏ ತಿರುಗಿ ಬಂದ್ರ ವಾಲ್ವ್ ಸಾಫ್ ಅದ ಆದ್ರ ಕೂಲರ್ ಇಲ್ಲಾ ಪೈಪ್ ಒಳಗ ಮಸಿ ತುಂಬ್ಯಾದ, ಅದನ್ನ ಬಿಚ್ಚಿ ಸಾಫ್ ಮಾಡೋದು ಗ್ಯಾರೇಜಿಗಿ ಬಿಡ್ರಿ. ಪಿ0402 ಬಂದ್ರ ಏರ್ ಫ್ಲೋ ಸೆನ್ಸರ್ ಕಡಿ ತಿರುಗಿ ಹೋಗ್ರಿ. ಪಿ0403 ಹೊಸಾದಾಗಿ ಬಂದ್ರ ನೀವು ಕನೆಕ್ಟರ್ ಕಟಕ್ ಅನ್ನೋ ತನಕ ಒತ್ತಿಲ್ಲ, ಬಾನೆಟ್ ತಗದು ಅದನ್ನೇ ಪೈಲೇ ನೋಡ್ರಿ. ಲೈಟ್ ಹೋಗ್ಯಾದ, ಆದ್ರ ಎರಡು ಮೂರು ತಿಂಗಳಿಗೇ ವಾಲ್ವ್ ಮತ್ತ ಜಾಮ್ ಅಂದ್ರ ಮೂರನೇ ಸಲ ತೊಳಿಯೋದು ಬಿಟ್ಟು ಇಂಜೆಕ್ಟರ್ ಲೀಕ್ ಟೆಸ್ಟ್ ಮತ್ತ ಬ್ರೀದರ್, ಎರಡೂ ಒಂದೇ ದಿನ ಮಾಡಸ್ರಿ, ಹೋಗುವಾಗ ವಾಲ್ವಿನಾಗ ಕಂಡ ಮಸಿ ಒಣಾದೋ ಹಸಿದೋ ಅಂತ ಮಿಸ್ತ್ರಿಗಿ ಹೇಳ್ರಿ, ಎಲ್ಲಿಂದ ಶುರು ಮಾಡ್ಬೇಕು ಅಂತ ಅವಗ ಅಷ್ಟರಾಗೇ ತಿಳೀತದ.